ನಗರಸಭೆಯ ಪಂಚಾಂಗ

ನಗರದ ಒಂದು ವರ್ಷವನ್ನು ವರ್ಣಿಸಹೊರಟವರು ಸಾಮಾನ್ಯವಾಗಿ ಅದರ ಉತ್ಸವಗಳನ್ನೂ, ಮೆರವಣಿಗೆಗಳನ್ನೂ, ದೊಡ್ಡವರ ಆಗಮನ ನಿರ್ಗಮನಗಳನ್ನೂ ಎಣಿಸಿ ತೃಪ್ತರಾಗುವುದುಂಟು. ನಗರಸಭೆಗಾದರೋ ವರ್ಷವೆಂಬುದು ಬೇರೆಯೇ ಒಂದು ವಸ್ತು. ಅದರ ಪಂಚಾಂಗದಲ್ಲಿ ಯುಗಾದಿಯಿಲ್ಲ, ದೀಪಾವಳಿಯಿಲ್ಲ. ಕುಸಿದ ಚರಂಡಿ, ತುಕ್ಕು ಹಿಡಿದ ತೊಲೆ, ಹೊಂಡ ಬಿದ್ದ ಬೀದಿ, ಕಿತ್ತುಹೋದ ಕಂಬಿ, ಇವೇ ಅದರ ತಿಥಿವಾರನಕ್ಷತ್ರಗಳು. ಈ ಪಂಚಾಂಗವನ್ನು ಚಿತ್ರರೂಪದಲ್ಲಿ ಬರೆದಿಡುವ ಕೆಲಸವನ್ನು ಕೆಲವು ಮಹಾನಗರಗಳು ಸಂಬಳದ ಛಾಯಾಚಿತ್ರಗ್ರಾಹಕರಿಗೆ ಒಪ್ಪಿಸಿದವು. ನ್ಯೂಯಾರ್ಕ್ ನಗರದ ಯೂಜೀನ್ ಡಿ ಸಾಲಿನ್ಯಾಕ್ ಎಂಬಾತನು ಅಂಥವರಲ್ಲೊಬ್ಬನು. ಆತನ 1914ನೆಯ ವರ್ಷವೇ ಇಲ್ಲಿಯ ವಿಷಯ.

ಈ ಉದ್ಯೋಗವು ಆತನಿಂದ ಮೊದಲಾದುದಲ್ಲ. ಪ್ಯಾರಿಸ್ ನಗರವು 1862ರಲ್ಲಿಯೇ ಶಾರ್ಲ್ ಮಾರ್ವಿಲ್ ಎಂಬಾತನನ್ನು ತನ್ನ ಛಾಯಾಚಿತ್ರಗ್ರಾಹಕನನ್ನಾಗಿ ಮಾಡಿಕೊಂಡು, ಒಡೆದು ನೆಲಸಮ ಮಾಡಬೇಕಾಗಿದ್ದ ಹಳೆಯ ಬೀದಿಗಳನ್ನು ಆತನಿಂದ ಚಿತ್ರಿಸಿಟ್ಟಿತು. ಕೆಡಹುವ ಕೈಯೇ ನೆನಪನ್ನೂ ಕಾಯ್ದಿರಿಸಿದ ವಿಚಿತ್ರವಿದು. ಗ್ಲಾಸ್ಗೋ ನಗರದ ಸಂಗತಿ ಇದಕ್ಕಿಂತ ಮನಕರಗಿಸುವಂಥದು. ಅಲ್ಲಿಯ ನಗರಸುಧಾರಣಾ ಸಂಸ್ಥೆಯ ಅಪ್ಪಣೆಯಂತೆ ಥಾಮಸ್ ಅನ್ನನ್ ಎಂಬಾತನು 1868ರಿಂದ 1871ರ ವರೆಗೆ ಬಡವರ ಓಣಿಗಳ ಚಿತ್ರಗಳನ್ನು ತೆಗೆದನು. ಗಾಜಿನ ಮೇಲೆ ಬಳಿದ ರಸವು ಒಣಗುವುದರೊಳಗೆ ಚಿತ್ರವನ್ನು ತೆಗೆದು ತೊಳೆದು ಮುಗಿಸಬೇಕಾಗಿದ್ದ ಕಾಲವದು. ಓಣಿಗಳೋ ಹಗಲಿನಲ್ಲಿಯೂ ಮಬ್ಬುಗತ್ತಲೆಯವು. ಮಸೂರವನ್ನು ಬಹಳ ಹೊತ್ತು ತೆರೆದಿಡದೆ ಗತ್ಯಂತರವಿರಲಿಲ್ಲ. ಹೀಗಾಗಿ ಅಲುಗದೆ ನಿಂತವರು ಮಾತ್ರ ಚಿತ್ರದಲ್ಲಿ ಉಳಿದರು. ಅಲುಗಿದವರು ಹೊಗೆಯಂತಾದರು. ಮೇಲೆ ಒಣಹಾಕಿದ ಬಟ್ಟೆಗಳೂ ಗಾಳಿಗೆ ತೂಗಿ ಬಿಳಿಯ ಮಸುಕುಗಳಾದವು. ಮಕ್ಕಳು ಅಲುಗದಿರುವರೆ? ನಗರಸಭೆಗೆ ಬೇಕಾಗಿದ್ದುದು ಗೋಡೆಗಳು. ಜನರು ಅಡ್ಡ ಬಂದವರು.

ಡಿ ಸಾಲಿನ್ಯಾಕನು 1861ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದವನು. ನಲವತ್ತೆರಡರ ವಯಸ್ಸಿನಲ್ಲಿ, ಎಂದರೆ 1903ರಲ್ಲಿ, ಬಂಧುವೊಬ್ಬನ ದೆಸೆಯಿಂದ ನ್ಯೂಯಾರ್ಕಿನ ಸೇತುವೆಗಳ ಇಲಾಖೆಯಲ್ಲಿ ಛಾಯಾಚಿತ್ರಗ್ರಾಹಕನಿಗೆ ಸಹಾಯಕನಾಗಿ ಸೇರಿದನು. ಮೂರು ವರ್ಷಗಳಲ್ಲಿ ಮೇಲಿನವನು ಅಕಸ್ಮಾತ್ತಾಗಿ ತೀರಿಕೊಳ್ಳಲು ಆ ಸ್ಥಾನವು ಈತನಿಗೆ ಬಂದಿತು. ಮುಂದೆ 1934ರ ವರೆಗೂ ಈತನು ಅದನ್ನು ಬಿಡಲಿಲ್ಲ. ಈ ಅವಧಿಯಲ್ಲಿ ತೆಗೆದ ಚಿತ್ರಗಳು ಸುಮಾರು 20,000. ನಡುವಯಸ್ಸಿನಲ್ಲಿ ಸರಕಾರಿ ಚಾಕರಿಗೆ ಬಂದವರು ದಿನ ನೂಕುವುದೇ ಹೆಚ್ಚೆಂದು ಲೋಕದ ನಂಬಿಕೆ. ಈತನಾದರೋ ಆ ವಯಸ್ಸಿನಲ್ಲಿಯೇ ಕಣ್ಣು ತೆರೆದವನು.

ಕೆಲಸವು ಹಗುರವಾದುದಾಗಿರಲಿಲ್ಲ. ದೊಡ್ಡ ಮರದ ಪೆಟ್ಟಿಗೆ, ಮುಕ್ಕಾಲಿ, ಕಪ್ಪು ಬಟ್ಟೆ, ಎಂಟು ಅಂಗುಲ ಅಗಲ ಹತ್ತು ಅಂಗುಲ ಉದ್ದದ ಗಾಜಿನ ಫಲಕಗಳು, ಇಷ್ಟನ್ನೂ ಹೊತ್ತು ಅರ್ಧ ಕಟ್ಟಿದ ಸೇತುವೆಗಳನ್ನೂ ಅಟ್ಟಣೆಗಳನ್ನೂ ಏರಬೇಕು. ಕಪ್ಪು ಬಟ್ಟೆಯ ಒಳಗೆ ತಲೆಯಿಟ್ಟು ನೋಡಿದರೆ ಮಬ್ಬುಗಾಜಿನ ಮೇಲೆ ಲೋಕವು ತಲೆಕೆಳಗಾಗಿ ಕಾಣುತ್ತದೆ. ಗೋಪುರವು ಆಕಾಶದಿಂದ ಇಳಿದಿರುತ್ತದೆ, ನದಿಯು ಮೇಲೆ ಹರಿಯುತ್ತದೆ. ನೋಟವನ್ನು ಸರಿಪಡಿಸಿಕೊಂಡು ಫಲಕವನ್ನು ಸೇರಿಸಿದೊಡನೆ ಆ ನೋಟವೂ ಮುಚ್ಚಿಹೋಗುತ್ತದೆ. ಚಿತ್ರವು ಮೂಡುವ ಗಳಿಗೆಯಲ್ಲಿ ಚಿತ್ರಕಾರನು ಅದನ್ನು ಕಾಣಲಾರನು. ಬಳಿಕ ಫಲಕದ ಅಂಚಿನಲ್ಲಿ ಒಂದು ಸಂಖ್ಯೆಯನ್ನು ಗೀರಿ, ದಿನಾಂಕವನ್ನೂ ಸ್ಥಳವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ತನ್ನ ಹೆಸರನ್ನು ಬರೆಯಬೇಕಾದ ಕಲಮು ಆ ಪುಸ್ತಕದಲ್ಲಿರಲಿಲ್ಲ.

1914ರಲ್ಲಿ ಆ ನಗರವು ಹೇಗಿತ್ತೆಂಬುದನ್ನು ವಾಚಕರು ಸ್ವಲ್ಪ ಊಹಿಸಿಕೊಳ್ಳಬೇಕು. ವರ್ಷದ ಮೊದಲ ದಿನವೇ ಜಾನ್ ಪರಾಯ್ ಮಿಚೆಲ್ ಎಂಬಾತನು ಮೂವತ್ತನಾಲ್ಕರ ಎಳೆಯ ಪ್ರಾಯದಲ್ಲಿ ಮೇಯರನಾಗಿ ಅಧಿಕಾರವನ್ನು ವಹಿಸಿಕೊಂಡನು. ಆಗಸ್ಟಿನಲ್ಲಿ ಸಮುದ್ರದಾಚೆ ಯೂರೋಪು ಹೊತ್ತಿಕೊಂಡಿತು. ವರ್ತಮಾನಪತ್ರಗಳ ಪಾಲಿಗೆ ವರ್ಷವೆಂದರೆ ಇಷ್ಟೇ. ಸೇತುವೆಗಳ ಇಲಾಖೆಯ ಪಾಲಿಗೆ ಹಾಗಲ್ಲ. ನದಿಯ ಮೇಲಿನ ದೊಡ್ಡ ಸೇತುವೆಗಳನ್ನು ನೋಡಿಕೊಳ್ಳುವುದರ ಜೊತೆಗೆ ನಗರಸಭೆಯ ನಲವತ್ತು ಅಂತಸ್ತಿನ ಹೊಸ ಕಚೇರಿಯನ್ನು ಕಟ್ಟಿಸುವ ಭಾರವೂ ಆ ಇಲಾಖೆಯ ತಲೆಯ ಮೇಲಿತ್ತು. 1909ರಲ್ಲಿ ತೊಡಗಿದ ಆ ಕಟ್ಟಡವು 1914ರಲ್ಲಿ ಪೂರೈಸಿತು. ಅದು ಮೇಲೇಳುವುದನ್ನು ಡಿ ಸಾಲಿನ್ಯಾಕನು ಫಲಕ ಫಲಕವಾಗಿ ಬರೆದಿಟ್ಟಿದ್ದಾನೆ. ಮ್ಯಾನ್‌ಹಟನ್ ಸೇತುವೆಯಾದರೋ 1909ರ ಕೊನೆಯ ದಿನವೇ ಸಂಚಾರಕ್ಕೆ ತೆರೆದಿದ್ದರೂ ಅದರ ಮೇಲೆ ಸುರಂಗರೈಲುಗಳು ಓಡಲು 1915ರ ವರೆಗೂ ಕಾಯಬೇಕಾಯಿತು. ಉದ್ಘಾಟನೆಯ ದಿನ ರಿಬ್ಬನ್ನು ಕತ್ತರಿಸಿದವರು ಮನೆಗೆ ಹೋದರು, ಮೊಳೆ ಬಡಿಯುವವರು ಅಲ್ಲಿಯೇ ಉಳಿದರು.

ಇಂಥ ಚಿತ್ರಗಳನ್ನು ಯಾರು ನೋಡುತ್ತಿದ್ದರು? ಇಂಜಿನಿಯರನು ನೋಡುತ್ತಿದ್ದನು, ಗುತ್ತಿಗೆದಾರನು ನೋಡುತ್ತಿದ್ದನು, ಅಪಘಾತವಾಗಿದ್ದರೆ ವಕೀಲನೂ ನೋಡುತ್ತಿದ್ದನು. ಗುದ್ದಿದ ಟ್ರಾಲಿಬಂಡಿ, ಬಿರಿದ ಕಲ್ಲುಹಾಸು, ಸಡಿಲವಾದ ಮೊಳೆ, ಇವೆಲ್ಲ ಸಾಕ್ಷಿಗಳು. ಸಾಕ್ಷಿಗೆ ಅಲಂಕಾರವು ಸಲ್ಲದು. ಆದರೂ ಈತನ ಚಿತ್ರಗಳಲ್ಲಿ ಇಂಜಿನಿಯರನಿಗೆ ಬೇಕಾದ ತೊಲೆಯ ಪಕ್ಕದಲ್ಲಿ ಟೊಪ್ಪಿಗೆಯ ಕೆಲಸಗಾರನೊಬ್ಬನು ನಿಂತಿರುವುದುಂಟು. ಆತನನ್ನು ಸರಿಯೆಂದು ಹೇಳಿದರೆ ಸಾಕಾಗಿತ್ತು. ಸರಿಯೆನ್ನಲಿಲ್ಲ. ಅಳತೆ ತಿಳಿಯುವುದಕ್ಕೆ ಮನುಷ್ಯನೊಬ್ಬನಿರಲಿ ಎಂಬ ಲೆಕ್ಕಾಚಾರವೋ, ಆತನೂ ಚಿತ್ರದಲ್ಲಿ ಬರಲಿ ಎಂಬ ಅಂತಃಕರಣವೋ, ಯಾವುದಾದರೂ ಆಗಬಹುದು. ಒಳ್ಳೆಯ ಕೆಲಸಗಾರರಲ್ಲಿ ಈ ಎರಡನ್ನೂ ಬೇರ್ಪಡಿಸುವುದು ಕಷ್ಟ.

ಆ ವರ್ಷದ ಸೆಪ್ಟೆಂಬರ್ 22ರಂದು ಈತನು ಬ್ರೂಕ್ಲಿನ್ ಸೇತುವೆಯ ಮೇಲಿದ್ದನು. 1883ರಲ್ಲಿ ತೆರೆದ ಆ ತೂಗುಸೇತುವೆಗೆ ಆಗ ಮೂವತ್ತೊಂದು ವಯಸ್ಸು. ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿಯದಿರಬೇಕಾದರೆ ಬಣ್ಣ ಬಳಿಯುತ್ತಲೇ ಇರಬೇಕು. ಒಂದು ಕೊನೆ ಮುಗಿಯುವುದರೊಳಗೆ ಮತ್ತೊಂದು ಕೊನೆ ಕರೆಯುತ್ತದೆ. ಹಾಗೆ ಬಳಿಯುತ್ತಿದ್ದವರ ಕೆಲಸವನ್ನು ಈತನು ಆ ದಿನ ಎಂದಿನಂತೆ ಚಿತ್ರಿಸಿಕೊಂಡನು. ಇಲಾಖೆಗೆ ಅಷ್ಟು ಸಾಕಾಗಿತ್ತು. ಈತನಿಗೆ ಸಾಕಾಗಲಿಲ್ಲವೆಂದು ತೋರುತ್ತದೆ. ಹದಿನೈದು ದಿನಗಳು ಕಳೆದು ಅಕ್ಟೋಬರ್ 7ರಂದು ಮತ್ತೆ ಅದೇ ಸೇತುವೆಗೆ ಬಂದನು.

ಆ ದಿನದ ಚಿತ್ರವು ಈಗ ಲೋಕಪ್ರಸಿದ್ಧವಾಗಿದೆ. ಕಾಲುದಾರಿಯ ಮೇಲಿನಿಂದ ತಲೆಯೆತ್ತಿ ನೋಡಿದ ನೋಟವದು. ನೆಟ್ಟಗೆ ಇಳಿಯುವ ಮಿಣಿಗಳನ್ನು ಓರೆಯಾಗಿ ಬರುವ ಮಿಣಿಗಳು ಕತ್ತರಿಸಿ ಆಕಾಶವೆಲ್ಲ ಬಲೆಯಾಗಿದೆ. ಆ ಬಲೆಯಲ್ಲಿ ಅಲ್ಲಲ್ಲಿ ಬಣ್ಣಗಾರರು ಕುಳಿತಿದ್ದಾರೆ, ಒರಗಿದ್ದಾರೆ, ಕಾಲು ಚಾಚಿದ್ದಾರೆ. ಮನೆಯ ಜಗಲಿಯ ಮೇಲೆ ಸಂಜೆಗೆ ಕುಳಿತವರ ನೆಮ್ಮದಿ ಅವರ ಭಂಗಿಯಲ್ಲಿದೆ. ಗಮನಿಸಬೇಕಾದ ಸಂಗತಿಯೊಂದುಂಟು. ಅವರ ಕೈಯಲ್ಲಿ ಕುಂಚವಿಲ್ಲ, ಪಕ್ಕದಲ್ಲಿ ಬಣ್ಣದ ಡಬ್ಬಿಯಿಲ್ಲ. ಅವರು ಕೆಲಸ ಮಾಡುತ್ತಿಲ್ಲ. ಈತನು ಕೇಳಿಕೊಂಡದ್ದರಿಂದ ಹತ್ತಿ ಕುಳಿತಿದ್ದಾರೆಂಬುದರಲ್ಲಿ ಹೆಚ್ಚಿನ ಸಂದೇಹಕ್ಕೆ ಎಡೆಯಿಲ್ಲ. ಐವತ್ತಮೂರು ವರ್ಷದ ನೌಕರನೊಬ್ಬನು ಕೆಳಗೆ ಕಪ್ಪು ಬಟ್ಟೆ ಹೊದ್ದು ನಿಂತಿದ್ದಾನೆ. ಆತನ ಗಾಜಿನ ಮೇಲೆ ಅವರೆಲ್ಲರೂ ತಲೆಕೆಳಗಾಗಿ ತೂಗುತ್ತಿದ್ದಾರೆ. ಆ ಚಿತ್ರದಿಂದ ಇಂಜಿನಿಯರನಿಗೆ ಏನು ಪ್ರಯೋಜನ? ತುಕ್ಕಿನ ಲೆಕ್ಕವೂ ಅದರಲ್ಲಿ ಸಿಕ್ಕದು, ಬಣ್ಣದ ಖರ್ಚೂ ಸಿಕ್ಕದು. ನಗರಸಭೆಯ ಹಣದಲ್ಲಿ, ನಗರಸಭೆಯ ಫಲಕದ ಮೇಲೆ, ನಗರಸಭೆಗೆ ಬೇಕಿಲ್ಲದ ಒಂದು ಚಿತ್ರವನ್ನು ಈತನು ತೆಗೆದನು. ಮರುದಿನದಿಂದ ಮತ್ತೆ ತೊಲೆ, ಕಂಬಿ, ಕಲ್ಲುಹಾಸು.

1916ರಲ್ಲಿ ಇಲಾಖೆಯ ಹೆಸರು ಬದಲಾಯಿತು. ಈತನ ಕೆಲಸ ಬದಲಾಗಲಿಲ್ಲ. 1934ರಲ್ಲಿ ಎಪ್ಪತ್ತಮೂರರ ಹತ್ತಿರಕ್ಕೆ ಬಂದಾಗ ವಯಸ್ಸಿನ ಕಾರಣದಿಂದ ನಿವೃತ್ತಿಯನ್ನು ವಿಧಿಸಲಾಯಿತು. ಉಳಿಸಿಕೊಳ್ಳಬೇಕೆಂದು ಮೇಯರ್ ಲಗಾರ್ಡಿಯಾನಿಗೆ ಬಿನ್ನಹ ಮಾಡಿಕೊಂಡರೂ ಫಲಿಸಲಿಲ್ಲ. 1943ರಲ್ಲಿ ಈತನು ತೀರಿಕೊಂಡನು. ಫಲಕಗಳು ಉಳಿದವು, ಹೆಸರು ಮರೆಯಾಯಿತು.

ನಿವೃತ್ತಿಯಾದ ಅರುವತ್ತೈದು ವರ್ಷಗಳ ಮೇಲೆ, 1999ರಲ್ಲಿ, ನಗರದ ದಫ್ತರಖಾನೆಯಲ್ಲಿ ಕೆಲಸಕ್ಕಿದ್ದ ಮೈಕೇಲ್ ಲೊರೆಂಜಿನಿ ಎಂಬ ಛಾಯಾಚಿತ್ರಗ್ರಾಹಕನು ಹಳೆಯ ಚಿತ್ರಗಳ ಸುರುಳಿಗಳನ್ನು ತಿರುವಿಹಾಕುತ್ತಿರುವಾಗ ಅಂಚಿನಲ್ಲಿ ಗೀರಿದ ಸಂಖ್ಯೆಗಳು ಆತನ ಗಮನವನ್ನು ಸೆಳೆದವು. ಇಷ್ಟೆಲ್ಲವೂ ಒಬ್ಬನೇ ಮನುಷ್ಯನ ಕಣ್ಣಲ್ಲವೆ ಎಂದು ಆತನಿಗೆ ಹೊಳೆಯಿತು. ಒಂದೇ ಕಸುಬಿನವನಿಗೆ ಮಾತ್ರ ಹೊಳೆಯಬಹುದಾದ ವಿಚಾರವದು. ಬಳಿಕ ತಿಂಗಳುಗಟ್ಟಲೆ ನೌಕರರ ದಾಖಲೆಗಳನ್ನು ಜಾಲಾಡಿ ಹೆಸರನ್ನು ಪತ್ತೆಹಚ್ಚಿದನು. 2007ರಲ್ಲಿ ಆ ನಗರದ ವಸ್ತುಸಂಗ್ರಹಾಲಯವೊಂದರಲ್ಲಿ ಈ ಚಿತ್ರಗಳ ಪ್ರದರ್ಶನವಾಯಿತು, ಪುಸ್ತಕವೂ ಬಂದಿತು. 2012ರಲ್ಲಿ ದಫ್ತರಖಾನೆಯವರು ಎಂಟು ಲಕ್ಷಕ್ಕೂ ಮಿಕ್ಕ ಹಳೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಾಗ ಮಿಣಿಗಳ ಮೇಲಿನ ಬಣ್ಣಗಾರರನ್ನು ದೇಶದೇಶಗಳ ಜನರು ನೋಡಿದರು.

ಆ ಚಿತ್ರದ ಕೆಳಗೆ ಈಗ ತೆಗೆದವನ ಹೆಸರಿದೆ, ಸೇತುವೆಯ ಹೆಸರಿದೆ, ದಿನಾಂಕವಿದೆ. ಮೇಲೆ ಕುಳಿತವರ ವಿಷಯವಾಗಿ ಇರುವುದು ಬಣ್ಣಗಾರರು ಎಂಬ ಒಂದೇ ಮಾತು.