ಮಡಿಲಿಗೂ ಒಂದು ಕೂಲಿಯಿದೆ

ಕಳೆದ ತಿಂಗಳು ಇಶಾ ನಮಾಝ್ ಮುಗಿಸಿ ಕುಳಿತಿದ್ದಾಗ ಚನ್ನರಾಯಪಟ್ಟಣದ ನಮ್ಮ ನೆರೆಮನೆಯ ಸಹೋದರಿ ಬಂದರು. ಪತಿ ತೀರಿಕೊಂಡು ಮೂರು ವರ್ಷವಾಯಿತು. “ಆಪಾ, ಗಾರ್ಮೆಂಟ್ಸ್‌ಗೆ ಹೋಗುವ ನಾಲ್ವರು ಮಕ್ಕಳನ್ನು ನನ್ನ ಹತ್ರ ಬಿಡ್ತೀವಿ ಅಂತಾರೆ. ಮಗು ನೋಡಿಕೊಂಡಿದ್ದಕ್ಕೆ ದುಡ್ಡು ಕೇಳಬಹುದಾ? ಲೈಸೆನ್ಸ್ ಬೇಕಾ?” ಎಂದರು.

ನನಗೆ ನಾಚಿಕೆಯಾಯಿತು. ನಾನು ಬಿ.ಎ. ಪರೀಕ್ಷೆ ಬರೆಯುವಾಗ ನನ್ನ ಮಗನನ್ನು ನೋಡಿಕೊಂಡವರು ಇವರೇ. ಈದ್‌ಗೆ ಒಂದು ಸೀರೆ ಕೊಟ್ಟು ಋಣ ತೀರಿತೆಂದುಕೊಂಡಿದ್ದೆ.

ಸಹೋದರಿಯರೇ, ಹಾಲುಣಿಸುವವಳಿಗೆ ನ್ಯಾಯವಾದ ಪ್ರತಿಫಲ ಕೊಡಬೇಕೆಂದು ಕುರ್‌ಆನಿನ ಅಲ್‌ಬಕರ ಮತ್ತು ಅತ್ತಲಾಕ್ ಅಧ್ಯಾಯಗಳು ಹೇಳುತ್ತವೆ. ಪ್ರವಾದಿವರ್ಯರನ್ನು(ಸ) ಸಾಕಿದ ಹಲೀಮಾ ಸಅದಿಯಾ(ರ) ಮಕ್ಕಾಕ್ಕೆ ಬಂದದ್ದೂ ಸಂಭಾವನೆಯ ನಿರೀಕ್ಷೆಯಿಂದಲೇ. ಕೇಳುವುದರಲ್ಲಿ ತಪ್ಪೇನಿದೆ?

ಇನ್ನು ಲೈಸೆನ್ಸ್. ಅಂಗನವಾಡಿಯಲ್ಲಿ ಕಾರ್ಯಕರ್ತೆಯಾಗಲು ಪಿಯುಸಿ, ಸಹಾಯಕಿಯಾಗಲು ಎಸ್ಸೆಸ್ಸೆಲ್ಸಿ ಬೇಕು. 2018ರ ಅಕ್ಟೋಬರ್‌ನಲ್ಲಿ ಕೇಂದ್ರವು ಕಾರ್ಯಕರ್ತೆಯ ಗೌರವಧನವನ್ನು 3,000ದಿಂದ 4,500 ರೂಪಾಯಿಗೆ ಏರಿಸಿತು. ರಾಜ್ಯವೂ ತನ್ನ ಪಾಲು ಸೇರಿಸುತ್ತದೆ. ಆದರೆ ಇವರು ಓದಿದ್ದು ಏಳನೇ ತರಗತಿ. ರಾಜ್ಯ ಸರಕಾರ 2023ರಲ್ಲಿ ಘೋಷಿಸಿದ ‘ಕೂಸಿನ ಮನೆ’ ಗ್ರಾಮ ಪಂಚಾಯತಿಗಳಲ್ಲಿ ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗಾಗಿ ಬಂದದ್ದು. ಪೇಟೆಯವರಿಗೆ ಉಳಿದದ್ದು ಸ್ವಂತ ಮನೆಯೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೂ ಎರಡು ಬಗೆಯ ಲೈಸೆನ್ಸ್ ಇದೆ: ಸಣ್ಣ ಮನೆಗೆ ಹೆಚ್ಚೆಂದರೆ 8 ಮಕ್ಕಳು, ದೊಡ್ಡ ಮನೆಗೆ 14. ನಮ್ಮಲ್ಲಿ ಮನೆಯ ಶಿಶುಪಾಲನೆಗೆಂದೇ ಅಂಥ ಲೈಸೆನ್ಸ್ ಇಲ್ಲ. ಬೋರ್ಡ್ ಹಾಕಿ ದೊಡ್ಡದಾಗಿ ನಡೆಸುವುದಾದರೆ ವ್ಯಾಪಾರ ಪರವಾನಗಿಯ ಬಗ್ಗೆ ಮೊದಲು ಪುರಸಭೆಯಲ್ಲಿ ಕೇಳಬೇಕು. 2020ರ ಜುಲೈ 1ರಿಂದ ಬಂದ ‘ಉದ್ಯಮ್’ ನೋಂದಣಿ ಉಚಿತ. ಮಧ್ಯವರ್ತಿಗೆ ದುಡ್ಡು ಕೊಡಬೇಡಿ.

ಲೈಸೆನ್ಸ್ ಇಲ್ಲವೆಂದರೆ ಹೊಣೆ ಇಲ್ಲವೆಂದಲ್ಲ. ಸಂಪಿಗೆ ಮುಚ್ಚಳ, ಗ್ಯಾಸ್ ಒಲೆಗೆ ಮರೆ, ತಾಯಂದಿರ ಫೋನ್ ನಂಬರ್, ಔಷಧಿ ಕೊಡುವ ಹೊತ್ತು ಬರೆದಿಟ್ಟ ಪುಸ್ತಕ — ಇವು ಇರಲೇಬೇಕು. ಕೇಳಲು ಇನ್ಸ್‌ಪೆಕ್ಟರ್ ಬರದಿದ್ದರೂ ಅಲ್ಲಾಹನು ಕೇಳುತ್ತಾನೆ. ಮಗು ಅಮಾನತ್.

ಬಳಿಕ ಲೆಕ್ಕ ಹಾಕಿದೆವು. ಮಗುವಿಗೆ 1,500ರಂತೆ 6,000 ರೂಪಾಯಿ. ಹಾಲು, ಗ್ಯಾಸ್, ಸೋಪಿಗೆ 1,400 ಕಳೆದರೆ 4,600. ತಿಂಗಳಿಗೆ 26 ದಿನ, ದಿನಕ್ಕೆ ಹತ್ತು ಗಂಟೆ. ಗಂಟೆಗೆ 18 ರೂಪಾಯಿಯೂ ಬೀಳದು! ಸಹೋದರಿ ಸುಮ್ಮನೆ ನನ್ನ ಮುಖ ನೋಡಿದರು. ಹೆಚ್ಚು ಕೇಳೋಣವೆಂದರೆ ಆ ತಾಯಂದಿರೂ ಶ್ರೀಮಂತರಲ್ಲ. ಕೊನೆಗೆ ಎಲ್ಲರೂ ಕುಳಿತು ಮಾತಾಡಿ 1,800ಕ್ಕೆ ಒಪ್ಪಿದರು. ತಡವಾಗಿ ಬಂದ ದಿನಕ್ಕೆ ಬೇರೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿದೆ. ಸಾಲದ ವ್ಯವಹಾರ ಬರೆದಿಡಿರೆಂದು ಕಲಿಸಿದ ಧರ್ಮ ನಮ್ಮದಲ್ಲವೇ?

ನನ್ನ ಹಳೆಯ ಬಾಕಿಯನ್ನು ಅವರ ಮಗಳ ಶಾಲೆಯ ಫೀಸಿಗೆ ಕೊಟ್ಟೆ. “ಬೇಡ ಆಪಾ” ಎಂದರು. “ಇದು ದಾನವಲ್ಲ, ನಿಮ್ಮ ಕೂಲಿ” ಎಂದ ಮೇಲೆ ತೆಗೆದುಕೊಂಡರು.

ನಿಮ್ಮ ಮಗುವನ್ನೂ ಯಾರೋ ಒಬ್ಬರು ಎತ್ತಿ ಆಡಿಸಿರಬಹುದು. ಅವರ ಲೆಕ್ಕ ತೀರಿಸಿದ್ದೀರಾ, ಇಂದೇ ನೆನಪಿಸಿಕೊಳ್ಳಿ.