ಹಾಡು ಕೊಳ್ಳುವ ದಿನ

ಹಾಡನ್ನು ಕೈಯಲ್ಲಿ ಹಿಡಿದು, ತೂಕ ನೋಡಿ, ಕಾಗದದ ನುಣುಪು ಸವರಿ ಕೊಳ್ಳುವ ಸುಖ ಬಲ್ಲವರಿಗೆ ಸೋಲ್ ನಗರದಲ್ಲಿ ಒಂದು ದಿನ ಏತಕ್ಕೂ ಸಾಲದು. ಫೋನಿನ ಮೇಲೆ ಬೆರಳಾಡಿಸಿದರೆ ಕೇಳಿಸುವ ಹಾಡಿಗಾಗಿ ಅಷ್ಟು ದೂರ ಹೋಗಬೇಕೇ ಎಂದು ಕೇಳುವವರಿದ್ದಾರೆ. ಹೋಗಬೇಕು. ಕೊರಿಯಾದ ಪಾಪ್ ಸಂಗೀತ ಕಿವಿಗೆ ಎಷ್ಟು ಸೇರಿದ್ದೋ ಕೈಗೂ ಅಷ್ಟೇ ಸೇರಿದ್ದು. ಸಿ.ಡಿ. ಹಾಕಲು ಮನೆಯಲ್ಲಿ ಯಂತ್ರವೇ ಇಲ್ಲದವರೂ ಅಲ್ಲಿ ಸಿ.ಡಿ. ಕೊಳ್ಳುತ್ತಾರೆ, ನನ್ನ ಹಾಗೆ.

ನನ್ನ ದಿನ ಶುರುವಾಗುವುದು ಮ್ಯೊಂಗ್‌ದೊಂಗ್‌ನ ನೆಲದಡಿಯ ಅಂಗಡಿ ಸಾಲಿನಲ್ಲಿ. ಮೆಟ್ಟಿಲಿಳಿದರೆ ಬಟ್ಟೆಬರೆ, ಕನ್ನಡಕ, ಗಾಯಕರ ಮುಖ ಹೊತ್ತ ಕಾಲುಚೀಲ. ಅವುಗಳ ನಡುವೆ ಸೂರಿನವರೆಗೂ ಪೇರಿಸಿಟ್ಟ ಆಲ್ಬಂಗಳು. ಆಲ್ಬಂ ಅಂದರೆ ಪ್ಲಾಸ್ಟಿಕ್ ಡಬ್ಬಿಯೊಳಗಿನ ತಟ್ಟೆ ಎಂದುಕೊಂಡವರು ಒಮ್ಮೆ ಎತ್ತಿ ನೋಡಬೇಕು. ಒಳ್ಳೆಯ ಕಲಾಪುಸ್ತಕದಷ್ಟು ಭಾರ. ಒಳಗೆ ಚಿತ್ರಗಳ ಹೊತ್ತಿಗೆ, ಸಾಹಿತ್ಯದ ಪುಟಗಳು, ತಂಡದ ಒಬ್ಬರ ಚಿತ್ರವಿರುವ ಒಂದು ಪುಟ್ಟ ಫೋಟೊಕಾರ್ಡ್. ಕೆಲವಕ್ಕೆ ಉದ್ದನೆಯ ರಟ್ಟಿನ ಕೊಳವೆಯಲ್ಲಿ ಸುತ್ತಿಟ್ಟ ಪೋಸ್ಟರ್ ಬೇರೆ. ಏಳು ಹುಡುಗರ ಬಿಟಿಎಸ್ ತಂಡದ ‘ಲವ್ ಯುವರ್‌ಸೆಲ್ಫ್: ಟಿಯರ್’ ಎಲ್ಲಿ ಕಂಡರೂ ನನ್ನ ಕೈ ತಾನಾಗಿ ಅದರ ಕಡೆ ಹೋಗುತ್ತದೆ. 2018ರ ಮೇ ತಿಂಗಳಲ್ಲಿ ವೈ, ಒ, ಯು, ಆರ್ ಎಂಬ ನಾಲ್ಕು ಆವೃತ್ತಿಗಳಲ್ಲಿ ಬಂದ ಇದು ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯ ತುದಿಗೇರಿದ ಮೊದಲ ಕೊರಿಯನ್ ಆಲ್ಬಂ. ನನಗೆ ಅದಕ್ಕಿಂತಲೂ ಹೆಮ್ಮೆಯೆನಿಸುವುದು ಬೇರೆ: ಹಸ್ಕಿಫಾಕ್ಸ್ ಎಂಬ ಸಂಸ್ಥೆ ಮಾಡಿದ ಇದರ ಹೊದಿಕೆಯ ವಿನ್ಯಾಸ 2019ರ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತ್ತು. ಹಾಡಿಗೆ ಅಂಗಿ ಹೊಲಿದವರನ್ನೂ ಯಾರೋ ಗಮನಿಸಿದರಲ್ಲ!

ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಹ್ವೆಹ್ಯೊನ್ ಎಂಬ ಇನ್ನೊಂದು ನೆಲದಡಿಯ ಪೇಟೆಯಿದೆ. ಹಳೆಯ ಅಂಚೆಚೀಟಿ, ನಾಣ್ಯ, ಎಲ್‌ಪಿ ತಟ್ಟೆಗಳ ಜಾಗ. ಹೊಸ ಹಾಡಿನ ಅಭಿಮಾನಿಗಳು ಇಲ್ಲಿಗೆ ಬರುವುದು ಕಡಿಮೆ, ಬರಬೇಕು ಎಂಬುದು ನನ್ನ ಆಸೆ; ಇವತ್ತಿನ ಹಾಡಿನ ಹಿಂದಿನ ಕಥೆ ಈ ತಟ್ಟೆಗಳಲ್ಲಿದೆ. 1975ರಲ್ಲಿ ಸರ್ಕಾರ ಶಿನ್ ಜುಂಗ್-ಹ್ಯೊನ್ ಅವರ ರಾಕ್ ಹಾಡುಗಳನ್ನು ನಿಷೇಧಿಸಿತ್ತು. ಚೋ ಯೊಂಗ್-ಪಿಲ್ ಹಾಡಿದರೆ 1980ರ ದಶಕದ ಹುಡುಗಿಯರು ‘ಒಪ್ಪಾ’ (ಅಣ್ಣಾ) ಎಂದು ಕೂಗಿ ಸಭಾಂಗಣ ನಡುಗಿಸುತ್ತಿದ್ದರು. ಇವತ್ತಿನ ಕೂಗಿಗೆ ಅಜ್ಜಿಯರಿದ್ದಾರೆ ಎಂಬುದು ಆ ತಟ್ಟೆಗಳ ಧೂಳು ಮುಟ್ಟಿದಾಗ ಮನಸ್ಸಿಗೆ ಇಳಿಯುತ್ತದೆ.

ಮಧ್ಯಾಹ್ನದ ಊಟ ನೊನ್‌ಹ್ಯೊನ್‌ನಲ್ಲಿ, ಯೂಜೊಂಗ್ ಶಿಕ್‌ದಾಂಗ್ ಎಂಬ ಪುಟ್ಟ ಊಟದ ಮನೆಯಲ್ಲಿ. 2013ರ ಜೂನ್ 13ರಂದು ಬಿಟಿಎಸ್ ರಂಗಕ್ಕೆ ಬರುವ ಮುಂಚೆ, ಅವರ ಕಂಪನಿ ಈ ಸುತ್ತಿನಲ್ಲೇ ಇದ್ದಾಗ, ತಾಲೀಮು ಮುಗಿಸಿದ ಆ ಹುಡುಗರು ಊಟಕ್ಕೆ ಬರುತ್ತಿದ್ದ ಜಾಗ. ಆ ಕಂಪನಿ ಬೆಳೆದು, 2021ರಿಂದ ಹೈಬ್ ಎಂಬ ಹೆಸರಿನಲ್ಲಿ ಯೊಂಗ್‌ಸಾನ್‌ನ ಎತ್ತರದ ಕಟ್ಟಡದಲ್ಲಿದೆ. ಊಟದ ಮನೆ ಮಾತ್ರ ಊಟದ ಮನೆಯಾಗಿಯೇ ಉಳಿದಿದೆ. ಗೋಡೆಯ ತುಂಬ ಜಗತ್ತಿನ ಅಭಿಮಾನಿಗಳು ಅಂಟಿಸಿ ಹೋದ ಚಿತ್ರ, ಚೀಟಿಗಳು. ಎಲ್ಲರೂ ಕೇಳುವುದು ಕಪ್ಪು ಹಂದಿಯ ಮಾಂಸ ಹಾಕಿದ ಕಲ್ಲುಪಾತ್ರೆಯ ಬಿಬಿಂಬಾಪ್. ಪಾತ್ರೆ ಮೇಜಿಗೆ ಬಂದಾಗಲೂ ಚುರುಗುಡುತ್ತಿರುತ್ತದೆ. ಅವಸರಪಟ್ಟು ಕಲಸಬಾರದು. ತಳದ ಅನ್ನ ಕಲ್ಲಿಗೆ ಹತ್ತಿ, ಹೊಂಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಆಮೇಲೆ ಕೆಂಪು ಮೆಣಸಿನ ಗೊಚುಜಾಂಗ್ ಹಾಕಿ, ಸೊಪ್ಪು, ಕಾಳುಮೊಳಕೆ, ಮಾಂಸವನ್ನೆಲ್ಲ ಉದ್ದ ಹಿಡಿಯ ಚಮಚದಿಂದ ಅಡಿಮೇಲು ಮಾಡಬೇಕು. ಕಡೆಗೆ ಪಾತ್ರೆಗೆ ಅಂಟಿದ ಆ ಗರಿಗರಿ ಸೀಕನ್ನು ಕೆರೆದು ತಿನ್ನುವ ಹೊತ್ತಿಗೆ ಬೆವರು. ತಾಲೀಮಿನ ಹಸಿವಿಗೆ ಹೇಳಿ ಮಾಡಿಸಿದ ಊಟ. ದಿನವಿಡೀ ಅಂಗಡಿ ಸುತ್ತುವವರ ಹಸಿವಿಗೂ.

ಮೆಟ್ರೋದ ಹಸಿರು ಎರಡನೇ ಮಾರ್ಗ ನಗರವನ್ನು ಸುತ್ತುವರಿದು ಓಡುತ್ತದೆ. ಅದರಲ್ಲಿ ಹೊಂಗ್‌ದೆಗೆ ಬಂದರೆ ಮಧ್ಯಾಹ್ನವೆಲ್ಲ ಅಲ್ಲೇ. ಹೊಂಗಿಕ್ ವಿಶ್ವವಿದ್ಯಾಲಯದ ಸುತ್ತಲ ಈ ಬೀದಿಗಳಲ್ಲಿ 1990ರ ದಶಕದಲ್ಲಿ ಪಂಕ್ ಹುಡುಗರು ಹಾಡುತ್ತಿದ್ದರು. ಈಗ ಸ್ಪೀಕರ್ ಇಟ್ಟುಕೊಂಡು ಕುಣಿಯುವ ತಂಡಗಳು. ನನ್ನ ಕೆಲಸ ಇರುವುದು ಫೋಟೊಕಾರ್ಡ್ ವಿನಿಮಯದಲ್ಲಿ.

ಫೋಟೊಕಾರ್ಡ್‌ಗೆ ಅಭಿಮಾನಿಗಳ ಬಾಯಲ್ಲಿ ಪೊಕಾ ಎಂದು ಹೆಸರು. ಸಾಮಾನ್ಯವಾಗಿ 5.5 ಸೆಂಟಿಮೀಟರ್ ಅಗಲ, 8.5 ಸೆಂಟಿಮೀಟರ್ ಉದ್ದ. ಗರ್ಲ್ಸ್ ಜನರೇಶನ್ ತಂಡದ 2010ರ ‘ಓ!’ ಆಲ್ಬಂನಿಂದ ಇದು ರೂಢಿಗೆ ಬಂತೆಂದು ಹೇಳುತ್ತಾರೆ. ಯಾವ ಆಲ್ಬಂನಲ್ಲಿ ಯಾರ ಚಿತ್ರ ಇದೆಯೆಂದು ಹೊರಗಿನಿಂದ ತಿಳಿಯದು. ಪ್ಲಾಸ್ಟಿಕ್ ಹರಿಯುವಾಗ ಎದೆ ಹೊಡೆದುಕೊಳ್ಳುತ್ತದೆ, ನಿಜವಾಗಿಯೂ. ನನಗೆ ಬೇಕಾದದ್ದು ಬಿಟಿಎಸ್‌ನ ಜೆ-ಹೋಪ್, ಸಿಕ್ಕಿದ್ದು ಅದೇ ತಂಡದ ಜಂಗ್‌ಕುಕ್. ಆದರೆ ಜಂಗ್‌ಕುಕ್ ಬೇಕಾದವರು ಇದೇ ಬೀದಿಯಲ್ಲಿ ಜೆ-ಹೋಪ್‌ನನ್ನು ಹಿಡಿದು ನಿಂತಿರುತ್ತಾರೆ. ಕೆಲವು ಅಂಗಡಿಗಳಲ್ಲಿ ಬಿಚ್ಚಿ ನೋಡಲು ಮೇಜುಗಳೇ ಇವೆ. ಭಾಷೆ ಗೊತ್ತಿಲ್ಲದ ಇಬ್ಬರು ಎದುರುಬದುರು ಕೂತು, ಕಾರ್ಡಿನ ಮೂಲೆ ಮುಕ್ಕಾಗಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿ, ಎರಡೂ ಕೈಯಲ್ಲಿ ಕೊಟ್ಟು ಎರಡೂ ಕೈಯಲ್ಲಿ ತೆಗೆದುಕೊಳ್ಳುವ ಆ ಗಳಿಗೆಗಾಗಿಯೇ ನಾನು ಹೊಂಗ್‌ದೆಗೆ ಹೋಗುತ್ತೇನೆ. ದುಡ್ಡು ಕೊಟ್ಟರೆ ನನಗೆ ಬೇಕಾದ ಕಾರ್ಡೇ ಸಿಗುವ ಅಂಗಡಿಗಳೂ ಇವೆ. ಅಲ್ಲಿ ಆ ಮುಖ ಸಿಗುತ್ತದೆ, ಎದುರಿಗೆ ಕೂತ ಈ ಮುಖ ಸಿಗುವುದಿಲ್ಲ.

ಬೇಕಾದ ಕಾರ್ಡಿಗಾಗಿ, ಕಲಾವಿದರು ಸಹಿ ಹಾಕುವ ಕೂಟಕ್ಕೆ ಪ್ರವೇಶ ಕೊಡುವ ಲಾಟರಿಗಾಗಿ ಹತ್ತಾರು ಪ್ರತಿ ಕೊಂಡು, ಉಳಿದವನ್ನು ಕಸಕ್ಕೆ ಹಾಕುವ ರೂಢಿಯನ್ನು ನಾನು ಒಪ್ಪಲಾರೆ. ಅಷ್ಟು ಚೆಂದದ ಕಾಗದಕ್ಕೆ ಮಾಡುವ ಅವಮಾನ ಅದು. ಅಭಿಮಾನಿಗಳೇ 2021ರಲ್ಲಿ ಕೆಪಾಪ್‌ಫಾರ್‌ಪ್ಲಾನೆಟ್ ಎಂಬ ಸಂಘಟನೆ ಕಟ್ಟಿ ಈ ಪೋಲಿನ ವಿರುದ್ಧ ಕಂಪನಿಗಳನ್ನು ಪ್ರಶ್ನಿಸುತ್ತಿದ್ದಾರೆ. ನನ್ನ ಗೌರವ ಅವರಿಗೆ. ಒಂದು ಆಲ್ಬಂಗೆ ಒಂದೇ ಪ್ರತಿ, ಉಳಿದದ್ದು ವಿನಿಮಯ: ನನಗೆ ಅಷ್ಟು ಸಾಕು.

ಹೊಂಗ್‌ದೆಯ ಸುತ್ತಿನಲ್ಲೇ ಹುಟ್ಟುಹಬ್ಬದ ಕೆಫೆಗಳೂ ಇವೆ. ಗಾಯಕರ ಹುಟ್ಟುಹಬ್ಬ ಬಂತೆಂದರೆ ಅಭಿಮಾನಿಗಳೇ ಕಾಫಿ ಅಂಗಡಿಯನ್ನು ಕೆಲವು ದಿನಕ್ಕೆ ಹಿಡಿದು, ಚಿತ್ರ ತೂಗುಹಾಕಿ, ಲೋಟಕ್ಕೆ ಸುತ್ತುವ ಕಾಗದವನ್ನು ತಾವೇ ಮುದ್ರಿಸುತ್ತಾರೆ. ಬಂದವರು ಕಾಫಿ ಕುಡಿದು ಆ ಸುತ್ತುಕಾಗದ ಒಯ್ಯುತ್ತಾರೆ. ಹುಟ್ಟುಹಬ್ಬದ ಹುಡುಗ ಬರುವುದಿಲ್ಲ, ಯಾರೂ ಅವನನ್ನು ಕಾಯುವುದೂ ಇಲ್ಲ. ಬಿಟಿಎಸ್‌ನ ಏಳೂ ಮಂದಿ ಸರದಿಯಂತೆ ಕೊರಿಯಾದ ಕಡ್ಡಾಯ ಸೇನಾ ಸೇವೆಗೆ ಹೋಗಿ, 2025ರ ಜೂನ್‌ನಲ್ಲಿ ಕೊನೆಯವರು ಮರಳುವವರೆಗೆ ಈ ಪ್ರೀತಿ ನಿಂತಿದ್ದು ಇಂಥ ಸಣ್ಣ ಕೈಕೆಲಸಗಳ ಮೇಲೆ.

ರಾತ್ರಿಯ ಊಟಕ್ಕೆ ಗ್ವಾಂಗ್‌ಜಾಂಗ್ ಮಾರುಕಟ್ಟೆ. 1905ರಲ್ಲಿ ಶುರುವಾದ ಪೇಟೆ ಇದು. ಬಟ್ಟೆಯಂಗಡಿಗಳನ್ನು ದಾಟಿದರೆ ತಿಂಡಿಯ ಓಣಿ; ಚಳಿಗಾಲದಲ್ಲಿ ಕೂರುವ ಬೆಂಚನ್ನೂ ಬಿಸಿ ಮಾಡಿಟ್ಟಿರುತ್ತಾರೆ. ಎದುರಿಗೇ ಬೀಸುಗಲ್ಲು ತಿರುಗುತ್ತ ನೆನೆದ ಹೆಸರುಬೇಳೆಯನ್ನು ಅರೆಯುತ್ತದೆ. ಆ ಹಿಟ್ಟಿಗೆ ಮೊಳಕೆ, ಕಿಮ್ಚಿ ಸೇರಿಸಿ, ಧಾರಾಳ ಎಣ್ಣೆಯಲ್ಲಿ ದಪ್ಪಗೆ ಹುಯ್ದು, ಅಂಚು ಕಂದಾಗುವವರೆಗೆ ಕರಿದರೆ ಬಿಂದೆತೊಕ್. ಜೊತೆಗೆ ಸೋಯಾ ಸಾಸ್‌ನಲ್ಲಿ ನೆನೆದ ಈರುಳ್ಳಿ. ಒಂದು ತುಂಡು ಬಿಂದೆತೊಕ್, ಮೇಲೊಂದು ಚೂರು ಈರುಳ್ಳಿ, ಹೀಗೇ ತಿನ್ನಬೇಕು. ಎಣ್ಣೆಯ ಭಾರವನ್ನು ಈರುಳ್ಳಿಯ ಹುಳಿ ಇಳಿಸುತ್ತದೆ.

ತಿನ್ನುವ ಮುಂಚೆ ಒಂದು ಕೆಲಸವಿದೆ. ಟಾಪ್‌ಲೋಡರ್ ಎಂಬ ಗಟ್ಟಿ ಪಾರದರ್ಶಕ ಕವಚಕ್ಕೆ ರಿಬ್ಬನ್, ಮಿನುಗುಕಲ್ಲು ಅಂಟಿಸಿ ಅದರಲ್ಲಿಟ್ಟ ಪೊಕಾವನ್ನು ತಟ್ಟೆಯ ಮುಂದೆ ಹಿಡಿದು ಫೋಟೊ ತೆಗೆಯಬೇಕು. ಇದು ‘ಯೆಜೊಲ್ ಶಾಟ್’. ಮೊದಲು ಪ್ರೀತಿಯವರಿಗೆ ತೋರಿಸಿ ಆಮೇಲೆ ತಾನು ತಿನ್ನುವುದು, ನೈವೇದ್ಯದಂತೆ. ಮಧ್ಯಾಹ್ನ ಸಿಕ್ಕ ಜೆ-ಹೋಪ್‌ನನ್ನು ನಾನು ಹಾಗೆ ಹಿಡಿದಿದ್ದಾಗ ಪಕ್ಕದ ಬೆಂಚಿನ ಹುಡುಗಿ ತನ್ನ ಚೀಲದಿಂದ ಅದೇ ತಂಡದ ಶುಗಾನನ್ನು ತೆಗೆದು ಅದೇ ಚೌಕಟ್ಟಿನೊಳಕ್ಕೆ ಚಾಚಿದಳು. ಅಂಗಡಿಯಾಕೆ ನಮ್ಮಿಬ್ಬರ ತಟ್ಟೆಗಳನ್ನು ಒತ್ತಟ್ಟಿಗೆ ಸರಿಸಿಕೊಟ್ಟು, ಆರಿಹೋಗುತ್ತದೆ ಬೇಗ ತಿನ್ನಿ ಎಂದು ಕೈಸನ್ನೆ ಮಾಡಿದರು. ತಿಂದು, ಇನ್ನೊಂದು ತಟ್ಟೆ ಹೇಳಿ, ಅದು ಬೇಯುವಷ್ಟರಲ್ಲಿ ಇಬ್ಬರೂ ಇದ್ದಬದ್ದ ಕಾರ್ಡುಗಳನ್ನೆಲ್ಲ ಬೆಂಚಿನ ಮೇಲೆ ಹರಡಿಕೊಂಡೆವು.