ಬೆಂಕಿಯಿಲ್ಲದ ಹೊಗೆ

ಒಲೆ ಉರಿಯುವಷ್ಟು ಕಾಲ ಮನೆಯಲ್ಲಿ ಹೊಗೆಯ ವಾಸನೆ ಇರುವುದಿಲ್ಲ. ಹೊಗೆ ಇರುತ್ತದೆ, ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ. ವಾಸನೆ ಮಾತ್ರ ಯಾರ ಮೂಗಿಗೂ ಹತ್ತುವುದಿಲ್ಲ. ಒಲೆ ಆರಿಸಿ ಗ್ಯಾಸು ತಂದಿಟ್ಟ ಮೇಲೆಯೇ ಅದು ಎದ್ದು ಕೂರುತ್ತದೆ. ಭಾಲ್ಕಿಯ ನಮ್ಮ ಹಳೆಯ ಮನೆಯಲ್ಲಿ ಆದದ್ದೂ ಇದೇ. ಹೈದರಾಬಾದಿನಿಂದ ಬಂದ ವೈನಿ ಹೊಸ್ತಿಲು ದಾಟಿದವರೇ ಸೆರಗನ್ನು ಮೂಗಿಗೆ ಒಯ್ದು, “ಏನ್ರೀ ಇದು, ಮನಿ ತುಂಬ ಹೊಗಿ ವಾಸ್ನಿ ಹೊಡಿಲತದ” ಎಂದರು. ಆಯಿ ಸುತ್ತ ಮೂಸಿ ನೋಡಿ, “ಎಲ್ಲದವ್ವಾ? ನನಗೇನೂ ಬರ್ಲತಿಲ್ಲ” ಎಂದಳು. ಇಬ್ಬರ ಮಾತೂ ಖರೆ. ದಿನವೂ ಇರುವ ವಾಸನೆಯನ್ನು ಮೂಗು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆ ಹೇಗೆ ನಾರುತ್ತದೆ ಎಂದು ತಿಳಿಯಬೇಕಾದರೆ ನೆಂಟರೇ ಬರಬೇಕು.

ನಮ್ಮ ತರ್ಕಶಾಸ್ತ್ರದವರಿಗೆ ಹೊಗೆ ಇಲ್ಲದಿದ್ದರೆ ಪಾಠವೇ ಇಲ್ಲ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯಬೇಕು. ಹೇಗೆ ಎಂದರೆ, ಅಡುಗೆಮನೆಯಲ್ಲಿ ಇರುವ ಹಾಗೆ. ಹೊಗೆಯಿಲ್ಲದ ಬೆಂಕಿಯನ್ನೂ ಅವರು ಬಿಟ್ಟಿಲ್ಲ, ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ. ಆದ್ದರಿಂದ ಗ್ಯಾಸಿನ ನೀಲಿ ಉರಿ ಕಂಡಿದ್ದರೂ ಅವರೇನು ಗಾಬರಿ ಬೀಳುತ್ತಿರಲಿಲ್ಲ. ಬೆಂಕಿಯೇ ಇಲ್ಲದೆ ಹೊಗೆ ನಾರುವ ನಮ್ಮ ಅಡುಗೆಮನೆಗೆ ಮಾತ್ರ ಅವರಲ್ಲಿ ಉದಾಹರಣೆ ಇರಲಿಲ್ಲ.

ಆ ಹೊಗೆ ಸುಮ್ಮನೆ ಕೂತು ಉಂಡದ್ದಲ್ಲ, ಸಂಬಳವಿಲ್ಲದ ಆಳಿನಂತೆ ದುಡಿದದ್ದು. ತೊಗರಿ ಕಟ್ಟಿಗೆ ಮತ್ತು ಕುಳ್ಳಿನ ಹೊಗೆ ಮೇಲೆದ್ದು ಬೆಳಕಿಂಡಿಯ ದಾರಿ ಹಿಡಿಯುವ ಮೊದಲು ಜಂತಿ, ತೊಲೆಗಳನ್ನೆಲ್ಲ ಮುಟ್ಟಿ ಹೋಗುತ್ತಿತ್ತು. ಹೊಗೆ ಕುಡಿದ ಕಟ್ಟಿಗೆಗೆ ಹುಳ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಬಿತ್ತನೆಗೆಂದು ಆರಿಸಿಟ್ಟ ಜೋಳದ ತೆನೆ ಒಲೆಯ ಮೇಲೆ ತೂಗುತ್ತಿದ್ದುದೂ ಅದಕ್ಕೇ. ಬಾಣಂತಿಯ ಕೋಣೆಗೆ ಅಜವಾನದ ಹೊಗೆ, ಸಂಜೆಗೆ ಲೋಬಾನದ ಹೊಗೆ. ಹೊಗೆಯಲ್ಲೂ ಮರ್ಯಾದೆಯದು, ಮರ್ಯಾದೆ ಇಲ್ಲದ್ದು ಎಂದು ಎರಡು ಜಾತಿ. ಲೋಬಾನವನ್ನು ಕೆಂಡದ ಮೇಲೆ ಉದುರಿಸಿ ಮನೆಯೆಲ್ಲ ತೋರಿಸುವ ಕೈಯೇ ಒಲೆಯ ಹೊಗೆಗೆ ಬಾಗಿಲು ತೆಗೆದು ಬೀಸಣಿಗೆ ಬೀಸುತ್ತಿತ್ತು.

ವೈನಿಯ ಸೆರಗು ಮೂಗಿಗೆ ಹೋದ ಮೇಲೆ ಮನೆಯವರೆಲ್ಲ ವೈದ್ಯರಾದರು. ಒಬ್ಬರು ಊದುಬತ್ತಿ ಎಂದರು, ಇನ್ನೊಬ್ಬರು ಕರ್ಪೂರ ಎಂದರು. ಹೊಗೆಯ ವಾಸನೆಗೆ ಇನ್ನೊಂದು ಹೊಗೆ ಹಾಕಿದರೆ ಮನೆಯಲ್ಲಿ ಎರಡು ವಾಸನೆ ಆಗುತ್ತವೆ, ಅಷ್ಟೇ. ಕಟ್ಟಿಗೆಯೊಳಗಿನ ಲಿಗ್ನಿನ್ ಎಂಬ ಅಂಶ ಸುಟ್ಟಾಗ ಗ್ವಾಯಕೋಲ್, ಸಿರಿಂಗಾಲ್ ಎಂಬ ಫೀನಾಲ್ ಜಾತಿಯ ಪದಾರ್ಥಗಳು ಹುಟ್ಟುತ್ತವೆ. ಜೊತೆಗೆ ಅಸಿಟಿಕ್ ಆಮ್ಲ, ಜಿಗುಟು ಡಾಂಬರು. ಕಣ್ಣಿಗೆ ಕಾಣದಷ್ಟು ಸಣ್ಣ ಮಸಿಯ ಕಣಗಳು ಇವನ್ನೆಲ್ಲ ಹೊತ್ತು ಗೋಡೆಯ ಸಂದಿ, ಬಟ್ಟೆಯ ಎಳೆ, ಕಟ್ಟಿಗೆಯ ಬಿರುಕು ಸೇರಿ ಕೂರುತ್ತವೆ. ಮಿರಗದ ಮಳೆ ಬಿದ್ದು ಬೆಳಕಿಂಡಿಗೆ ಮುಚ್ಚಳ ಹಾಕಿದ ಮೇಲೆ ತೇವಕ್ಕೆ ಅವು ಒಂದೊಂದಾಗಿ ಬಿಡುತ್ತವೆ. ಬೇಸಿಗೆಯಲ್ಲಿ ಸುಮ್ಮನಿದ್ದ ಮನೆ ಮಳೆಗಾಲದಲ್ಲಿ ನಾರುವುದು ಇದರಿಂದ.

ಹಾಗಾಗಿ ಓಡಿಸಬೇಕಾದದ್ದು ವಾಸನೆಯನ್ನಲ್ಲ, ಅದು ಕೂತ ಮಸಿಯನ್ನು. ಇದರ ಕ್ರಮ ನಮ್ಮ ಹೆಂಗಸರಿಗೆ ದಸರೆಯ ಕೆಲಸದಲ್ಲಿ ಮೊದಲೇ ಗೊತ್ತಿತ್ತು: ಮೇಲಿನಿಂದ ಕೆಳಕ್ಕೆ, ಒಣಗಿದ್ದು ಮೊದಲು, ಒದ್ದೆಯದು ಆಮೇಲೆ. ತಲೆಗೂ ಬಾಯಿಗೂ ಬಟ್ಟೆ ಕಟ್ಟಿಕೊಂಡು ಜಂತಿಗೆ ಜೋತುಬಿದ್ದ ಇಲ್ಲಣವನ್ನು ಕಸಬರಿಗೆಯಿಂದ ಇಳಿಸಬೇಕು. ಅವಸರದಲ್ಲಿ ಒದ್ದೆ ಬಟ್ಟೆ ಹಚ್ಚಿದರೆ ಮಸಿ ಹರಡಿಕೊಂಡು ಇನ್ನಷ್ಟು ಒಳಗೆ ಇಳಿಯುತ್ತದೆ. ಅದಾದ ಮೇಲೆ ಬಿಸಿನೀರು, ಸಾಬೂನು. ಕೌದಿ, ಚಾದರ, ಜಮಖಾನೆಗಳನ್ನು ಮನೆಯೊಳಗಿಟ್ಟು ಗೋಡೆ ತೊಳೆದರೆ ಅರ್ಧ ವಾಸನೆ ಅಲ್ಲೇ ಉಳಿಯಿತು ಎಂದರ್ಥ. ಪದರ ಪದರವಾಗಿ ಹೊಲಿದ ಕೌದಿಯಷ್ಟು ಹೊಗೆ ಹಿಡಿಯುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ದಸರೆಗೆ ಮೊದಲು ಹಾಸಿಗೆ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ನೀರಿನ ದಂಡೆಗೆ ಒಯ್ದು ಒಗೆದು ಬಿಸಿಲಿಗೆ ಹರಡುತ್ತಿದ್ದುದರಲ್ಲಿ ಮಡಿಯಷ್ಟೇ ಈ ಲೆಕ್ಕವೂ ಇತ್ತು.

ಈಗಿನ ಮನೆಮದ್ದುಗಳಲ್ಲಿ ವಿನೆಗರ್‌ಗೆ ದೊಡ್ಡ ಹೆಸರು. ಆದರೆ ನಮ್ಮ ಕಡೆ ನೆಲಕ್ಕೆ ಹಾಸಿರುವುದು ಶಹಾಬಾದಿನ ಫರಸಿ. ಅದು ಸುಣ್ಣದ ಕಲ್ಲು. ವಿನೆಗರ್ ಆಗಲಿ ಲಿಂಬೆರಸವಾಗಲಿ ಬಿದ್ದರೆ ಹೊಳಪು ತಿಂದು ಬಿಳಿ ಕಲೆ ಬಿಡುತ್ತದೆ. ಅಲ್ಲಿಗೆ ಅಡುಗೆ ಸೋಡಾದ ತಿಳಿನೀರೇ ಸಾಕು. ಮುಚ್ಚಿದ ಕಪಾಟಿಗೆ ಆಕ್ಟಿವೇಟೆಡ್ ಇದ್ದಿಲು ಇಟ್ಟರೆ ಅದು ವಾಸನೆಯನ್ನು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಡುತ್ತದೆ. ಕಟ್ಟಿಗೆ ಸುಟ್ಟು ಬಂದ ವಾಸನೆಗೆ ಸುಟ್ಟ ಕಟ್ಟಿಗೆಯೇ ಮದ್ದು.

ಗೋಡೆಯ ವಿಷಯ ಬೇರೆ. ಪೇಂಟಿನವರು ಮಸಿಯ ಮೇಲೇ ಡಿಸ್ಟೆಂಪರ್ ಬಳಿದು ಹೋದರು. ತಿಳಿಗುಲಾಬಿ ಬಣ್ಣದ ಅಡುಗೆಮನೆ ಕಂಡು ಎಲ್ಲರೂ ಖುಷಿಪಟ್ಟೆವು. ಮಳೆಗಾಲ ಬಂದಾಗ ಗುಲಾಬಿಯ ಮೇಲೆ ಕಂದು ಕಂದು ಪಟ್ಟೆ ಮೂಡಿದವು. ನೀರಿನ ಬಣ್ಣದೊಳಗೆ ಹೊಗೆಯ ಜಿಗುಟು ಕರಗಿ ಮೇಲಕ್ಕೆ ಬರುತ್ತದೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಈ ಊರಿನ ಹೆಮ್ಮೆ. ನಮ್ಮ ಗೋಡೆಯೂ ಅದೇ ಊರಿನದಲ್ಲವೇ, ಹೊರಗೆ ಗುಲಾಬಿ ತೋರಿಸಿ ಒಳಗೆ ತನ್ನದೇ ಪಾಠ ನಡೆಸಿತ್ತು.

ಸಿಮೆಂಟಿನ ಗೋಡೆಯಾದರೆ ಅರಗಿನಿಂದ ಮಾಡಿದ ಶೆಲ್ಯಾಕ್ ಪ್ರೈಮರ್ ಹಚ್ಚಿ ಕಲೆಯನ್ನೂ ವಾಸನೆಯನ್ನೂ ಒಳಗೇ ಮುಚ್ಚಬಹುದು. ಉಸಿರಾಡುವ ಕಲ್ಲು-ಮಣ್ಣಿನ ಗೋಡೆಗೆ ಅದು ಸಲ್ಲದು, ತೇವ ಒಳಗೇ ಉಳಿದು ಗಿಲಾವು ಉದುರುತ್ತದೆ. ಅದಕ್ಕೆ ಹಳೆಯ ಸುಣ್ಣವೇ ಸರಿ. ಸುಣ್ಣ ಕ್ಷಾರ, ಹೊಗೆಯ ಹುಳಿ ಆಮ್ಲ, ಒಂದನ್ನೊಂದು ಮುರಿಯುತ್ತವೆ. ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಮಸಿಯನ್ನು ಉಜ್ಜಿ ತೊಳೆದು, ಗೋಡೆ ಒಣಗಿಸಿ, ನೀಲಿ ಬೆರೆಸಿದ ಸುಣ್ಣವನ್ನು ತೆಳ್ಳಗೆ ಕೈಮೇಲೆ ಕೈ ಹಚ್ಚಿದ ಮೇಲೆ ನಮ್ಮ ಅಡುಗೆಮನೆ ತಣ್ಣಗಾಯಿತು. ಮುಂದಿನ ಸಲ ವೈನಿಯ ಸೆರಗು ಹೆಗಲ ಮೇಲೇ ಉಳಿಯಿತು.

ಗೋಡೆಗೆ ಇಷ್ಟೆಲ್ಲ ಉಪಚಾರ. ಆ ಗೋಡೆಯ ಬುಡದಲ್ಲಿ ಕೂತು ಊದುಗೊಳವೆ ಊದಿದವಳ ಎದೆಯೊಳಗೆ ಸುಣ್ಣ ಬಳಿಯುವವರು ಯಾರು? ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಚಿಮಣಿ ಇರುವ ಅಸ್ತ್ರ ಒಲೆ ಮಾಡಿಕೊಟ್ಟರು. 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಬಂತು. 2016ರ ಮೇ 1ರಂದು ಉಜ್ವಲಾ ಯೋಜನೆ ಶುರುವಾಯಿತು. ಇಷ್ಟಾದರೂ ಆಯಿಯ ಕೆಮ್ಮು ಯಾರ ಮನೆಯಲ್ಲೂ ಸುದ್ದಿಯಾಗಲಿಲ್ಲ. ನೆಂಟರ ಮೂಗಿಗೆ ತೊಂದರೆಯಾದ ದಿನವೇ ಹೊಗೆ ಒಂದು ಸಮಸ್ಯೆಯಾಯಿತು.

ಒಲೆಯೂ ಪೂರ್ತಿ ಆರಿಲ್ಲ. ಸಿಲಿಂಡರ್ ಉಳಿಸಲಿಕ್ಕೆ ಸ್ನಾನದ ನೀರು ಹಿತ್ತಲಲ್ಲಿ ಕುಳ್ಳಿನ ಮೇಲೇ ಕಾಯುತ್ತದೆ. ಗಾಳಿ ತಿರುಗಿದರೆ ಹೊಗೆ ಸುಣ್ಣ ಬಳಿದ ಮನೆಗೇ ವಾಪಸು ಬರುತ್ತದೆ. ಅದಕ್ಕೇ ಈಗ ಯಾರಾದರೂ, ಮನೆಯ ಹೊಗೆ ವಾಸನೆ ತೆಗೆಯುವುದು ಹೇಗೆ ಎಂದು ಕೇಳಿದರೆ ನಾನು ಸೋಡಾ, ಸುಣ್ಣದ ಮಾತು ಆಮೇಲೆ ಎತ್ತುತ್ತೇನೆ. ಮೊದಲು ಕೇಳುವುದು ಎರಡೇ: “ಒಲಿ ಎಲ್ಲಿ ಇಟ್ಟೀರಿ? ಊದವರು ಯಾರು?”